ಖಾಲಿ ಸೇತುವೆಯ ಭಾರ

ವೇಬ್ರಿಡ್ಜ್ ಅಂದರೆ ಲಾರಿಯ ತೂಕ ನೋಡುವ ಸೇತುವೆ; ಅದರ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಕೋಣೆಯೊಳಗಿನ ಡಬ್ಬಿಯ ಕೆಂಪು ಅಂಕಿಗಳು ತೊಂಬತ್ತು ಕಿಲೋ ಎನ್ನುತ್ತಿದ್ದವು. ಬೆಳಿಗ್ಗೆ ಸೊನ್ನೆ ಕಾಣದೆ ಕೆಲಸ ಶುರು ಮಾಡದ ತೂಕದವನಿಗೆ ಸೊನ್ನೆಪ್ಪ ಎಂದೇ ಅಡ್ಡಹೆಸರು. ಹೊಸದಾಗಿ ಬಂದ ಇನ್‌ಸ್ಪೆಕ್ಟರ್ ತೂಕ ಪರೀಕ್ಷಿಸಿ ಮುದ್ರೆ ಒತ್ತುವುದು ಇವತ್ತೇ. "ಮುದ್ರೆ ಬೀಳದಿದ್ರೆ ನಾಳೆಯಿಂದ ನೀನು ಮನೇಲೇ ಇರು" ಎಂದು ಯಜಮಾನರು ಮೊದಲೇ ಹೇಳಿಬಿಟ್ಟಿದ್ದರು.

ಮೊದಲು ಮೂಗು ತೂರಿಸಿದವನು ಮರಳು ಲಾರಿಯ ಡ್ರೈವರ್. "ಇದರೊಳಗೆ ಸ್ಪ್ರಿಂಗ್ ಇರುತ್ತಾ?"

"ಸ್ಪ್ರಿಂಗೂ ಇಲ್ಲ ಗಿಂಗೂ ಇಲ್ಲ. ಮೂಲೆಮೂಲೆಗೆ ಒಂದೊಂದು ಉಕ್ಕಿನ ಗಟ್ಟಿ ಇದೆ, ಸೇತುವೆ ಕೂತಿರೋದು ಅದರ ಮೇಲೆ. ಭಾರ ಬಿದ್ರೆ ಉಕ್ಕು ಕೂದಲೆಳೆಗಿಂತ ಕಮ್ಮಿ ಬಗ್ಗುತ್ತೆ. ಅದಕ್ಕೆ ಅಂಟಿಸಿರೋ ತಂತಿ ಹಿಗ್ಗಿ ಕರೆಂಟ್ ಬದಲಾಗುತ್ತೆ. ಈ ಡಬ್ಬಿ ಅದನ್ನ ಕಿಲೋ ಮಾಡಿ ತೋರಿಸುತ್ತೆ."

"ಉಕ್ಕು ಬಗ್ಗುತ್ತಾ! ನಾನು ಹತ್ತಿದ್ರೂನಾ?"

ಡ್ರೈವರ್ ಹತ್ತಿ ಕುಣಿದೇ ನೋಡಿದ. ಅಂಕಿಗಳು ಹುಚ್ಚೆದ್ದು ಹಾರಿ, ಅವನು ಇಳಿದ ಮೇಲೆ ಮತ್ತೆ ತೊಂಬತ್ತಕ್ಕೆ ಬಂದು ಕೂತವು. "ಮಣ್ಣು ಮೆತ್ತಿರಬೇಕು, ತೊಳಿ" ಎಂದ. ತೊಳೆದರು. ನೀರು ನಿಂತು ನೂರಹತ್ತಾಯಿತು.

ಅಷ್ಟರಲ್ಲಿ ಪಂಕ್ಚರ್ ಅಂಗಡಿಯವನು ಹಾರೆ ಹಿಡಿದು ಬಂದ. ಅಂಚಿನ ಸಂದಿಯಲ್ಲಿ ಕಲ್ಲು ಸಿಕ್ಕಿದ್ದರೆ ತೂಕ ಕೆಡುತ್ತದೆ, ಅದು ನಿಜ. ಆದರೆ ಕಲ್ಲು ಸಿಗಲಿಲ್ಲ. ಅವನು ಸಂದಿಗೆ ಕಿವಿಗೊಟ್ಟ.

"ಒಳಗೆ ಗೊರ್ ಗೊರ್ ಅಂತಿದೆ ಕಣೋ. ಬೇರಿಂಗ್ ಹೋಗಿದೆ!"

"ಇದರಲ್ಲಿ ಬೇರಿಂಗೇ ಇಲ್ಲ ಮಾರಾಯ!"

ಯಜಮಾನರ ಕಾರು ಗೇಟಿಗೆ ಬಂತು. ಸೊನ್ನೆಪ್ಪ ಭಯದಲ್ಲೇ ಮುಚ್ಚಳ ತೆಗೆದು ಸೇತುವೆ ಕೆಳಗಿನ ಗುಂಡಿಗೆ ಇಳಿದ. ಸೇತುವೆಯ ಅಡಿಯ ತೊಲೆಗಳಿಗೆ ಅಡ್ಡ ಹಲಗೆ ಹಾಕಿಕೊಂಡು ದಢೂತಿ ಆಸಾಮಿಯೊಬ್ಬ ತಣ್ಣಗೆ ಗೊರಕೆ ಹೊಡೆಯುತ್ತಿದ್ದ. ಮೇಲೆ ನಿಂತರೇನು, ಕೆಳಗೆ ತೊಲೆಗೆ ಜೋತುಬಿದ್ದರೇನು, ಭಾರ ಹೋಗುವುದು ಅದೇ ಉಕ್ಕಿನ ಗಟ್ಟಿಗೆ! ಸೊನ್ನೆಪ್ಪನಿಗೆ ಅರ್ಥವಾದ ಖುಷಿ ಒಂದು ಕಡೆ, ಮೈಯೆಲ್ಲ ಉರಿದ ಸಿಟ್ಟು ಇನ್ನೊಂದು ಕಡೆ.

"ಏಳೋ ಕುಂಭಕರ್ಣ! ನನ್ನ ಅನ್ನಕ್ಕೆ ಕಲ್ಲು ಹಾಕೋಕೆ ಇಲ್ಲೇ ಜಾಗ ಸಿಕ್ತಾ?" ಎಂದು ಕಾಲರ್ ಹಿಡಿದು ಮೇಲಕ್ಕೆ ದಬ್ಬಿಕೊಂಡು ಬಂದ. ನೀರೂ ಬಸಿದುಹೋಗಿತ್ತು. "ಸೊನ್ನೆ ಬಂತು!" ಎಂದು ಡ್ರೈವರ್ ಕೋಣೆಯಿಂದ ಕೂಗಿದ.

ಯಜಮಾನರು ಮಾತ್ರ ಬೆವರಿಬಿಟ್ಟರು. "ಇನ್‌ಸ್ಪೆಕ್ಟರ್ ಸಾಹೇಬ್ರೇ! ನೀವು ಒಳಗೆ?"

ಸೊನ್ನೆಪ್ಪನ ಕೈ ಕಾಲರ್ ಮೇಲೆಯೇ ಮರಗಟ್ಟಿತು. ಸಾಹೇಬರು ಅದನ್ನು ಬಿಡಿಸಿಕೊಂಡು ಗಂಟಲು ಸರಿಮಾಡಿಕೊಂಡರು. "ಬೇಗ ಬಂದೆ, ಯಾರೂ ಇರಲಿಲ್ಲ. ಅಡಿಯಿಂದ ಭಾರ ಬಿದ್ರೂ ತೋರಿಸುತ್ತಾ ಅಂತ ಪರೀಕ್ಷೆ ಮಾಡ್ತಿದ್ದೆ."

"ಕಣ್ಣು ಮುಚ್ಕೊಂಡಾ?" ಎಂದ ಡ್ರೈವರ್.

"ಏಕಾಗ್ರತೆಗೆ."

ತೂಕದ ಗುಂಡುಗಳನ್ನಿಟ್ಟು ನೋಡಿ ಮುದ್ರೆ ಒತ್ತಿದರು. ಸೊನ್ನೆಪ್ಪ ಉಸಿರು ಬಿಟ್ಟ. ಸಾಹೇಬರು ಕಾಲರ್ ನೀವಿಕೊಳ್ಳುತ್ತಾ ಯಜಮಾನರ ಕಡೆ ತಿರುಗಿದರು. "ಈ ಪರೀಕ್ಷೆ ದಿನಾ ಆಗ್ಬೇಕು. ಇವನೇ ಕೆಳಗೆ ಮಲಗಲಿ, ಕಣ್ಣು ಬಿಟ್ಕೊಂಡು."

"ಆಗ್ಲಿ ಸಾಹೇಬ್ರೇ, ಖಂಡಿತ!" ಎಂದರು ಯಜಮಾನರು.

"ಹಾಗಾದ್ರೆ ನನ್ನ ಕುರ್ಚೀಲಿ ಯಾರು ಕೂರೋದು?" ಎಂದು ಸೊನ್ನೆಪ್ಪ ಅಳುಮುಖ ಮಾಡಿದ.

ಎಲ್ಲರೂ ಕೋಣೆಯ ಕಡೆ ನೋಡಿದರು. ಡ್ರೈವರ್ ಆಗಲೇ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ನೀನು ಮಲಕ್ಕೋ ಅಣ್ಣ, ಅಂಕಿ ನಾನು ನೋಡ್ಕೋತೀನಿ."