ಎಡಗಾಲು ಹುಬ್ಬಳ್ಳಿ, ಬಲಗಾಲು ಧಾರವಾಡ

ಬೆಳಿಗ್ಗೆ ಓಡಿ ಬಂದ ಉಮಾಶ್ರೀ ಹೊಸ್ತಿಲ ಹೊರಗೆ ಬೂಟು ಬಿಚ್ಚಿಟ್ಟಾಗ, ಬಲಗಾಲಿನ ಬೂಟಿನ ಅಟ್ಟೆ ಹಸಿದ ಕರುವಿನ ಬಾಯಿಯಂತೆ ತೆರೆದುಕೊಂಡಿತ್ತು. ಮರುದಿನ ಬೆಳಿಗ್ಗೆ ಆರಕ್ಕೆ ಧಾರವಾಡದ ಮೈದಾನದಲ್ಲಿ ಪೊಲೀಸ್ ಭರ್ತಿಯ ಓಟ. ಹೋದ ಸಲ ಬೂಟು ಬಲಗಾಲಿನ ಕಿರುಬೆರಳನ್ನು ಕಚ್ಚಿ, ರಕ್ತ ಬಂದು, ಎರಡೇ ಸೆಕೆಂಡಿಗೆ ನೌಕರಿ ತಪ್ಪಿತ್ತು. ವಯಸ್ಸಿನ ಪ್ರಕಾರ ಇದೇ ಕೊನೆಯ ಸಲ.

"ಇರ್ಲಿ ಬಿಡವ್ವಾ, ಹಳೇದಕ್ಕ ಟೇಪ್ ಸುತ್ತಿ ಓಡ್ತೇನಿ," ಎಂದಳು ಮಗಳು.

ಅತ್ತಿದ್ದರೆ ತಾಯಿ ಭಾಗ್ಯಶ್ರೀ ಸಮಾಧಾನ ಮಾಡುತ್ತಿದ್ದಳು. ಹೀಗೆ ನಗುತ್ತ ಅಂದದ್ದೇ ತಡೆಯಲಾಗಲಿಲ್ಲ. ಒಲೆ ಆರಿಸಿದಳು. ಕಸಬರಿಗೆಯ ಕಡ್ಡಿಯೊಂದನ್ನು ಮಗಳ ಪಾದಕ್ಕೆ ಹಿಡಿದು, ಅಳತೆಗೆ ಮುರಿದು, ಪರ್ಸಿಗೆ ಹಾಕಿಕೊಂಡು ಹೊರಟಳು. ಯಾರೂ ಕರೆಯದಿದ್ದರೂ ಪಕ್ಕದ ಮನೆಯ ಸಂಗವ್ವ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು.

"ಒಬ್ಬಾಕೀನ ಹೋದ್ರ ಅಂಗಡ್ಯಾವ್ರು ಟೊಪಗಿ ಹಾಕ್ತಾರ. ನಡಿ."

ಹುಬ್ಬಳ್ಳಿಯ ದುರ್ಗದಬೈಲು ಪೇಟೆಯ ನಾಲ್ಕು ಅಂಗಡಿಗಳಲ್ಲಿ ಹುಡುಗಿಯರ ಬೂಟು ಏಳನೇ ನಂಬರಿಗೆ ನಿಂತುಬಿಟ್ಟಿದ್ದವು. ಉಮಾಶ್ರೀಯದು ಎಂಟು, ಅದೂ ಅಗಲ ಪಾದ. ಐದನೆಯದು ಅಯಾಜನ ಅಂಗಡಿ. ಅಲ್ಲಿ ಗಾಜಿನ ಹಿಂದೆ, ಸ್ವೆಟರಿನಂತೆ ಹೆಣೆದ ನೀಲಿ ಬೂಟೊಂದು ಕೂತಿತ್ತು. ಎತ್ತಿದರೆ ಹಪ್ಪಳದಷ್ಟು ಹಗುರ, ಒತ್ತಿದ ಕಡೆ ಹಿಗ್ಗುವಷ್ಟು ಮೆತ್ತಗೆ. ಕಿರುಬೆರಳಿಗೆ ಇನ್ನೇನು ಬೇಕು? ಕಡ್ಡಿ ಒಳಗಿಟ್ಟರೆ ಅಳತೆ ಕೊಟ್ಟು ಹೆಣೆಸಿದಂತೆ ಸರಿಹೋಯಿತು.

"ಇದರ ಜೋಡಿ ತಗೀರಿ."

ಅಯಾಜ ತಲೆ ಕೆರೆದುಕೊಂಡ. "ಅಕ್ಕಾರ, ಎಂಟನೇ ನಂಬರ್ ಉಳದದ್ದು ಇದೊಂದ ಜೋಡಿ. ಎಡಗಾಲಿಂದು ಇಲ್ಲಿ, ಬಲಗಾಲಿಂದು ಧಾರವಾಡದಾಗ ನಮ್ಮ ತಮ್ಮ ಮುಜಮ್ಮಿಲನ ಅಂಗಡ್ಯಾಗ. ಎರಡೂ ಕಡೆ ತೋರಸಾಕ ಬೇಕಲ್ರಿ."

"ಗಂಡ ಒಂದೂರಾಗ, ಹೆಂಡ್ತಿ ಒಂದೂರಾಗ!" ಎಂದಳು ಸಂಗವ್ವ. "ನಿಮ್ಮ ಬೂಟೇನು ಸರಕಾರಿ ನೌಕರಿ ಮಾಡ್ತಾವೇನ?"

ಅಯಾಜ ತಮ್ಮನಿಗೆ ಫೋನ್ ಹಚ್ಚಿದ. ಎತ್ತಲಿಲ್ಲ. "ನೀವು ಇದನ್ನ ಒಯ್ರಿ, ಅಲ್ಲೇ ಜೋಡಿ ಮಾಡ್ಕೊಂಡು ರೊಕ್ಕ ಕೊಡ್ರಿ. ಒಂದ ಕಾಲಿನ ಬೂಟ ಯಾರು ಕದೀತಾರ?"

ಬಸ್ಸು ಉಣಕಲ್ ದಾಟುವಷ್ಟರಲ್ಲಿ ಉಮಾಶ್ರೀಯ ಕಿರುಬೆರಳಿನ ಕತೆ ಇಡೀ ಬಸ್ಸಿಗೆ ಗೊತ್ತಾಗಿತ್ತು. ಕಂಡಕ್ಟರ್ ಕೂಡ ಬೂಟು ಹಿಚುಕಿ ನೋಡಿ "ಮೆತ್ತಗ ಐತ್ರಿ" ಎಂದ.

ಧಾರವಾಡದಲ್ಲಿ ಮುಜಮ್ಮಿಲ ಎಡಗಾಲಿನ ಬೂಟು ಕಂಡವನೇ ಹಣೆ ಬಡಿದುಕೊಂಡ. "ಪಂಢರಿನಾಥ ಸರ್ ಅಂತ, ಸಂಗೀತದ ಮಾಸ್ತರು. ಈಗರೆ ಬಲಗಾಲಿಂದು ತಗೊಂಡು ಇದನ್ನ ತರಾಕ ಹುಬ್ಬಳ್ಳಿಗೆ ಹೋದ್ರು! ಅವರ ಮಗಳೂ ನಾಳೆ ಓಡಾಕಿ."

ಭಾಗ್ಯಶ್ರೀ ಮಾಸ್ತರರ ನಂಬರು ಇಸಿದುಕೊಂಡು ಫೋನ್ ಮಾಡಿದಳು. "ಅಲ್ಲೇ ನಿಂದರ್ರಿ, ನಾ ಬರ್ತೇನಿ!" ಎಂದು ಇಬ್ಬರೂ ಒಟ್ಟಿಗೇ ಕೂಗಿದರು, ಒಟ್ಟಿಗೇ ಫೋನ್ ಇಟ್ಟರು, ಒಟ್ಟಿಗೇ ಬಸ್ಸು ಹತ್ತಿದರು. ಅವಳು ಹುಬ್ಬಳ್ಳಿಯಲ್ಲಿ ಇಳಿದಾಗ ಆತ ಧಾರವಾಡದಲ್ಲಿ ಇಳಿದಿದ್ದ.

ದೀಪ ಹಚ್ಚುವ ಹೊತ್ತಿಗೆ ಸೋತು ಮನೆಗೆ ಬಂದು ಮತ್ತೆ ಫೋನ್ ಮಾಡಿದಳು. ಆತನೂ ಮನೆ ಸೇರಿದ್ದ.

"ಸರ್, ಬಲಗಾಲಿಂದು ಕೊಟ್ಟಬಿಡ್ರಿ. ನಮ್ಮ ಉಮಾಶ್ರೀಗೆ ಇದ ಕಡೀ ಸಲ."

"ನಮ್ಮ ಗಾರ್ಗಿಗೂ ಕಡೀದ ಅದರೀ ಬಾಯಾರ. ಬೂಟು ಮೊದಲ ತಗೊಂಡಾಂವ ನಾನು."

ಸಂಗವ್ವ ಫೋನಿಗೇ ಬಾಯಿ ಹಾಕಿದಳು. "ಎಡಗಾಲಿಂದು ಇಲ್ದ ಹೆಂಗ ಓಡಸ್ತೀರಿ? ಕುಂಟಾಬಿಲ್ಲಿ ಆಡಸ್ತೀರೇನು?"

"ಅವ್ವಾ, ಜಗಳಾ ಬ್ಯಾಡ," ಎಂದಳು ಒಳಗಿನಿಂದ ಉಮಾಶ್ರೀ. "ನಾ ಹಳೇದರಾಗ ಓಡ್ತೇನಿ."

ಅದೇ ಉಸಿರಿಗೆ ಫೋನಿನ ಆಚೆಯಿಂದಲೂ ಒಂದು ಹುಡುಗಿಯ ದನಿ ಕೇಳಿತು. "ಇರ್ಲಿ ಬಿಡಪ್ಪಾ, ನನಗ ಹಳೇದ ಸಾಕು."

ಫೋನು ತಾನಾಗಿಯೇ ಎಂಬಂತೆ ಕಟ್ಟಾಯಿತು.

ಭಾಗ್ಯಶ್ರೀ ಮಡಿಲಲ್ಲಿ ಬೂಟು ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ಎದ್ದು, ಅದನ್ನು ಪೇಪರಿನಲ್ಲಿ ಸುತ್ತಿ, ಬಸ್ ಸ್ಟ್ಯಾಂಡಿಗೆ ಹೋಗಿ ಆ ಬೆಳಗಿನ ಕಂಡಕ್ಟರನ ಕೈಗೇ ಕೊಟ್ಟಳು. "ಮುಜಮ್ಮಿಲನ ಅಂಗಡಿಗೆ ಮುಟ್ಟಸ್ರಿ." ಮಾಸ್ತರಿಗೆ ಫೋನ್ ಮಾಡಿದರೆ ಎಂಗೇಜು. ಮತ್ತೆ ಮಾಡಿದರೂ ಎಂಗೇಜು. 'ಎಡಗಾಲಿನ ಬೂಟು ಕಳಿಸೇನಿ. ಗಾರ್ಗಿ ಛಲೋ ಓಡ್ಲಿ' ಎಂದು ಮೆಸೇಜು ಬರೆದು ಕಳಿಸಿದ ಕೂಡಲೇ, ದಿನವಿಡೀ ದುಡಿದ ಫೋನು ಕಣ್ಣು ಮುಚ್ಚಿತು. ಮನೆಗೆ ಬಂದರೆ ಕರೆಂಟಿಲ್ಲ. ಬೆಳಗಿನವರೆಗೂ ಬರಲಿಲ್ಲ.

ಆರಕ್ಕೆ ಐದು ನಿಮಿಷವಿದ್ದಾಗ, ಮೈದಾನದ ಗೇಟಿನಲ್ಲಿ ತೆಳ್ಳಗಿನ ಮಾಸ್ತರೊಬ್ಬರು "ಉಮಾಶ್ರೀ ಯಾರ್ರೀ? ಉಮಾಶ್ರೀ!" ಎಂದು ಕೂಗುತ್ತ ಬಂದರು. ಜೊತೆಗೆ ಮಗಳು. ಬಗಲಲ್ಲಿ ಅದೇ ಪೇಪರಿನ ಗಂಟು.

"ಬಾಯಾರ, ನೀವ ಏನ್ರಿ? ತಗೋರಿ, ಎಡಗಾಲಿಂದು. ಬಲಗಾಲಿಂದು ತಗೀರಿ, ಲಗೂ ಹಾಕ್ಕೊಳ್ಲಿ ಹುಡುಗಿ."

"ಬಲಗಾಲಿಂದು ನಿಮ್ಮ ಕಡೇನ ಐತಲ್ರೀ ಸರ್?"

"ಅಯ್ಯ! ನಿಮ್ಮದು ಬರೂಕಿಂತ ಮೊದಲ ನಾನೂ ಅದನ್ನ ಬಸ್ಸಿನಾಗ ಕಳಿಸಿದ್ನಲ್ರಿ, ಅಯಾಜನ ಅಂಗಡಿಗೆ! ರಾತ್ರಿ ಎಷ್ಟ ಫೋನ್ ಮಾಡೇನಿ, ಎಷ್ಟ ಮೆಸೇಜ್ ಹಾಕೇನಿ! ನೀವು ಅದನ್ನ ತಂದಿರ್ತೀರಿ, ನಿಮ್ಮ ಮಗಳಿಗೆ ಜೋಡಿ ಆಗ್ತದಂತ ಇದನ್ನ ತಂದೆ."

ಅಯಾಜನ ಅಂಗಡಿ ತೆರೆಯುವುದು ಹತ್ತಕ್ಕೆ.

ಭಾಗ್ಯಶ್ರೀಯ ಕಣ್ಣು ಗಾರ್ಗಿಯ ಪಾದಕ್ಕೆ ಬಿತ್ತು. ಎಡಗಾಲಿನ ಹಿಮ್ಮಡಿಗೆ ರಕ್ತ ಇಂಗಿದ ಪಟ್ಟಿ. ಎಡಗಾಲು! ಅವಳು ಅಲ್ಲೇ ನೆಲಕ್ಕೆ ಕೂತು, ಆ ಹುಡುಗಿಯ ಹಳೆಯ ಬೂಟು ಬಿಚ್ಚಿ, ನೀಲಿ ಬೂಟು ತೊಡಿಸಿ ದಾರ ಬಿಗಿದಳು. ಅಳತೆ ಕೊಟ್ಟು ಹೆಣೆಸಿದಂತೆ ಕೂತಿತು.

"ಕಚ್ಚತೈತೇನವಾ?"

"ಇಲ್ರಿ, ಕಾಕೂ," ಎಂದಳು ಗಾರ್ಗಿ. ಎರಡು ಕಾಲಿಗೆ ಎರಡು ಬಣ್ಣ.

ತಲೆ ಎತ್ತಿದರೆ, ಪಕ್ಕದಲ್ಲೇ ಉಮಾಶ್ರೀ ಬಲಗಾಲಿನ ಹಳೆಯ ಬೂಟಿಗೆ ಮೂರನೇ ಸುತ್ತು ಟೇಪು ಹಾಕಿ ಹಲ್ಲಿನಿಂದ ಕತ್ತರಿಸುತ್ತಿದ್ದಳು. "ಇರ್ಲಿ ಬಿಡವ್ವಾ," ಎಂದಳು, ನಿನ್ನೆಯಂತೆಯೇ ನಗುತ್ತ.

ಸೀಟಿ ಊದಿದರು. ಇಬ್ಬರೂ ಹುಡುಗಿಯರು ಗೆರೆಯ ಮೇಲೆ ಬಗ್ಗಿ ನಿಂತರು. ಭಾಗ್ಯಶ್ರೀ ಪರ್ಸಿನಲ್ಲಿದ್ದ ಕಡ್ಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಸಂಗವ್ವ ನಿಟ್ಟುಸಿರು ಬಿಟ್ಟಳು. "ಏನ ಅನ್ನು ಭಾಗ್ಯಾ, ನಿನ್ನಿಯಿಂದ ಆ ಬೂಟು ಓಡಿದಷ್ಟು ಈ ಹುಡುಗ್ಯಾರು ಜನ್ಮದಾಗ ಓಡಿಲ್ಲ ನೋಡು."