ಈಶಾನ್ಯದ ಗುಡ್ಡ

ನಕ್ಷೆಯಲ್ಲಿ ಗುಡ್ಡ ಯಾವುದು, ಹೊಂಡ ಯಾವುದು ಎಂಬುದು ತನಗೆ ತಿಳಿಯುವುದಿಲ್ಲವೆಂದು ಅಕ್ಷಯಾ ಭಾನುವಾರ ಬೆಳಿಗ್ಗೆ ಡೈರಿಯಲ್ಲಿ ಬರೆದು, ಅದನ್ನು ದಿಂಬಿನಡಿ ತುರುಕಿದಳು. ಮೈಸೂರಿನಲ್ಲಿ ಭೂಗೋಳದ ಎಂ.ಎ., ಪ್ರಾಕ್ಟಿಕಲ್‌ನಲ್ಲಿ ತೊಂಬತ್ತು. ಅಮೆರಿಕದ ಕೊಲಂಬಿಯಾ ಊರಿನಲ್ಲಿ ಚಿಕ್ಕಪ್ಪನ ಬೇಸ್‌ಮೆಂಟಿನಲ್ಲಿ ಕೆಲಸವಿಲ್ಲದೆ ಆರು ತಿಂಗಳು. ಇವತ್ತು ಊಟಕ್ಕೆ ನಕ್ಷೆ ಕಂಪನಿಯ ಮ್ಯಾನೇಜರ್ ತ್ಯಾಗರಾಜ ಬರುವವರಿದ್ದರು. ಅವರೆದುರು ಒಂದು ನಕ್ಷೆ ಓದಿಸಿಬಿಟ್ಟರೆ ಹುಡುಗಿಗೆ ಕೆಲಸ ಸಿಕ್ಕಂತೆಯೇ ಎಂಬುದು ಚಿಕ್ಕಪ್ಪ ಕೇಶವಮೂರ್ತಿಯ ಹೂಟ.

ನಕ್ಷೆಯೂ ಸಿದ್ಧವಿತ್ತು. ರಿಟೈರಾದ ಮೇಲೆ ಇರಲೆಂದು ಚಿಕ್ಕಪ್ಪ ಕೊಳ್ಳಹೊರಟಿದ್ದ, ಇನ್ನೂ ಕಣ್ಣಲ್ಲಿ ಕಾಣದ ನಾರ್ತ್ ಡಕೋಟಾದ ಹುಲ್ಲುಗಾವಲಿನದು. ಮೇಜಿನ ಮೇಲೆ ಹರಡಿದರೆ ಹಾಳೆಯ ತುಂಬ ಏರುತಗ್ಗು ತೋರಿಸುವ ಕಂದು ಉಂಗುರಗಳು, ಕೋಡುಬಳೆ ಚೆಲ್ಲಿದ ಹಾಗೆ.

ತ್ಯಾಗರಾಜ ಬಂದು ಊಟಕ್ಕೆ ಕೂತೊಡನೆ ಚಿಕ್ಕಪ್ಪ ನಕ್ಷೆ ಓದು ಎಂದರು. ಅಕ್ಷಯಾ ಬೆರಳನ್ನು ಜಮೀನಿನ ಈಶಾನ್ಯ ಮೂಲೆಯ ಉಂಗುರದ ಮೇಲಿಟ್ಟು, ಗುಡ್ಡ ಎಂದುಬಿಟ್ಟಳು.

ಬಿಸಿಬೇಳೆಬಾತಿನ ಪಾತ್ರೆ ಹಿಡಿದು ಬಂದ ಪಕ್ಕದ ಮನೆಯ ವರಲಕ್ಷ್ಮಿ ಆಂಟಿಗೆ ವಾಸ್ತು ಅರೆದು ಕುಡಿದಷ್ಟು ಗೊತ್ತು. ಕೈಗೆ ಸಿಕ್ಕ ಕಾಗದದ ಮೇಲೆ ಪಾತ್ರೆ ಕುಕ್ಕಿದರು.

"ಈಶಾನ್ಯದಲ್ಲಿ ಗುಡ್ಡ ಇದ್ರೆ ಆ ಮನೆ ಉದ್ಧಾರ ಆಗಲ್ಲ ಕಣ್ರೀ."

"ತೆಗೆಸಿಬಿಡೋಣ ಬಿಡಿ. ಬುಲ್‌ಡೋಜರ್ ರೆಂಟ್ ಮಾಡಿದ್ರೆ ಎರಡು ವಾರದ ಕೆಲಸ," ಎಂದರು ಸಿವಿಲ್ ಎಂಜಿನಿಯರ್ ಚಿಕ್ಕಪ್ಪ. ಪೇಪರ್ ನ್ಯಾಪ್‌ಕಿನ್ ಎಳೆದುಕೊಂಡು, ಗುಡ್ಡ ಸಾಗಿಸಲು ಎಷ್ಟು ಟ್ರಕ್ ಬೇಕೆಂದು ಬರೆಯತೊಡಗಿದರು. ನಲವತ್ತು ಸಾಲದೆಂದು ಆಂಟಿ ತಕರಾರು ತೆಗೆದರು. ತ್ಯಾಗರಾಜ ಉಣ್ಣುತ್ತ ಒಮ್ಮೆ ನಕ್ಷೆಯನ್ನು, ಒಮ್ಮೆ ಅಕ್ಷಯಾಳನ್ನು ನೋಡುತ್ತಿದ್ದರು. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ನೀರು ತರುವ ನೆಪದಲ್ಲಿ ಅಡುಗೆಮನೆಗೆ ಓಡಿ ಓಡಿ, ಒಬ್ಬೊಬ್ಬರ ಮುಂದೂ ಮೂರು ಲೋಟ ನಿಂತವು.

ಕೊನೆಗೆ ಮತ್ತೊಮ್ಮೆ ಬಡಿಸಲು ಪಾತ್ರೆ ಎತ್ತಿದಳು. ತಳಕ್ಕೆ ಅಂಟಿಕೊಂಡು ಕಾಗದವೂ ಎದ್ದಿತು: ನಕ್ಷೆಯ ಚಿಹ್ನೆಗಳ ಪಟ್ಟಿ. ತುಪ್ಪದ ಕಲೆಯಡಿ ಓದಿದಳು. ಒಳಮುಖವಾಗಿ ಹಲ್ಲಿರುವ ಉಂಗುರ, ಹೊಂಡ. ನೀಲಿ ಹುಲ್ಲುಕಟ್ಟು, ಜೌಗು. ನಕ್ಷೆಗೆ ಬಗ್ಗಿ ನೋಡಿದಳು. ಕೋಡುಬಳೆಯಲ್ಲ, ಸಣ್ಣ ಮುಳ್ಳಿನ ಚಕ್ಕುಲಿ. ನಡುವೆ ನೀಲಿ ಹುಲ್ಲು.

"ಚಿಕ್ಕಪ್ಪ, ಅದು ಗುಡ್ಡ ಅಲ್ಲ. ಹೊಂಡ. ನೀರು ನಿಲ್ಲತ್ತೆ."

"ಈಶಾನ್ಯದಲ್ಲಿ ನೀರಾ?" ಆಂಟಿ ನಕ್ಷೆಗೇ ಕೈಮುಗಿದರು. ಇಂಥ ಜಾಗ ಪುಣ್ಯವಂತರಿಗೇ ಸಿಗುವುದಂತೆ.

ತ್ಯಾಗರಾಜ ಚಮಚ ಕೆಳಗಿಟ್ಟರು. "ಆ ಹಲ್ಲುಗಳು ನಮ್ಮ ಆಫೀಸಲ್ಲೇ ಎಷ್ಟೋ ಜನಕ್ಕೆ ಕಾಣಲ್ಲ. ನಿಮ್ಮ ಚಿಕ್ಕಪ್ಪ ಹೇಳಿದ್ರು, ಪ್ರಾಕ್ಟಿಕಲ್‌ನಲ್ಲಿ ತೊಂಬತ್ತು ಅಂದ್ರೆ ಸುಮ್ನೆನಾ? ನಾಳೆನೇ ಬಂದು ಜಾಯಿನ್ ಆಗಿ."

ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ನಿಜವನ್ನು ಡೈರಿಗೆ ಮಾತ್ರ ಹೇಳಿಕೊಂಡು ಬಂದ ಬಾಯಿ, ಅದನ್ನು ಜೋರಾಗಿ ಹೇಳುವ ರುಚಿ ಅಂದೇ ಕಂಡಿತ್ತು.

"ಆ ತೊಂಬತ್ತು ನಂದಲ್ಲ ಅಂಕಲ್. ಪಕ್ಕದಲ್ಲಿ ಕೂತಿದ್ದ ಸಿದ್ದೇಶ್ವರಿದು. ನಾನು ನೋಡಿ ಬರೆದೆ."

ಚಿಕ್ಕಪ್ಪನ ಕೈಯ ತುತ್ತು ಅರ್ಧದಲ್ಲೇ ನಿಂತಿತು. ತ್ಯಾಗರಾಜ ನಿಧಾನವಾಗಿ ಜೇಬಿನಿಂದ ಪೆನ್ನು ತೆಗೆದು, ಟ್ರಕ್ಕುಗಳ ನ್ಯಾಪ್‌ಕಿನ್ನನ್ನು ತಿರುಗಿಸಿಕೊಂಡರು.

"ಆ ಸಿದ್ದೇಶ್ವರಿ ಈಗೆಲ್ಲಿದ್ದಾರೆ? ಫೋನ್ ನಂಬರ್ ಇದೆಯಾ?"