ಆರಿಂಚಿನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿಗೂ ಒಂದು ಅಂತಸ್ತು ಬೇಕು. ಪಕ್ಕದ ಮನೆಯವರ ಕಾರು, ಬಣ್ಣದ ಟೀವಿ, ಮಗಳ ಮಾರ್ಕು ಕಂಡು ಕರುಬಿದರೆ ಕೇಳಿದವರಿಗೂ ಅರ್ಥವಾಗುತ್ತದೆ. ನಾನು ಕರುಬಿದ್ದು ಮಳೆನೀರಿನ ಪೈಪು ಕಂಡು. ಎಂಬತ್ತರ ದಶಕದ ಮಾತು. ಕಾಪುವಿನಿಂದ ದಿನಾ ಬಸ್ಸಿನಲ್ಲಿ ಉಡುಪಿಗೆ ಹೋಗಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತಿದ್ದೆ. ಪಕ್ಕದ ಹಮೀದರು ದುಬೈಯಿಂದ ಬಂದು, ತಾವು ಉಮ್ಮ ಎಂದು ಕರೆಯುವ ತಾಯಿಯ ಜೊತೆ ಇರಲು ತಾರಸಿ ಮನೆ ಕಟ್ಟಿಸಿದರು. ಅದನ್ನು ಹೇಗೋ ಸಹಿಸಿಕೊಂಡೆ. ಆದರೆ ಮೊದಲ ಮಳೆಗೇ ಅವರ ನಾಲ್ಕಿಂಚಿನ ಪ್ಲಾಸ್ಟಿಕ್ ಪೈಪಿನಿಂದ ನೀರು ಭೋರೆಂದು ಧುಮುಕಿತು. ನನ್ನ ಹೆಂಡತಿ ಶಾರದೆ ಜಗಲಿಯಲ್ಲಿ ನಿಂತು, "ನೀರು ಬಿದ್ದರೆ ಹಾಗೆ ಬೀಳಬೇಕು ಮಾರಾಯ್ರೆ" ಅಂದಳು. ಕಡಲು ಹತ್ತಿರವಾದ್ದರಿಂದ ನಮ್ಮ ಬಾವಿಯ ನೀರು ಉಪ್ಪು. ಮಳೆನೀರು ಹಿಡಿದರೆ ಮಾತ್ರ ಚಹಾ ಚಹಾದ ಹಾಗಿರುತ್ತಿತ್ತು. ಮರುದಿನ ನೋಡುತ್ತೇನೆ, ನಮ್ಮ ಹಂಡೆ ಅವರ ಪೈಪಿನ ಕೆಳಗೆ ಕೂತಿದೆ. ಆ ನೀರಿನ ಚಹಾವನ್ನು ಲೋಟದಲ್ಲೇ ಬಿಟ್ಟು ಬಸ್ಸು ಹಿಡಿದೆ.

ಉಡುಪಿಯ ಪೈಪಿನ ಅಂಗಡಿಯವರು, "ಮನೆಯ ಮಾಡು ಎಷ್ಟು ದೊಡ್ಡದುಂಟು?" ಎಂದು ಕೇಳಿದರು. "ಮಾಡಿನ ವಿಷಯ ಬಿಡಿ, ನಾಲ್ಕಿಂಚಿಗಿಂತ ದೊಡ್ಡದು ಎಂತ ಉಂಟು?" ಅಂದೆ. ಆರಿಂಚಿನದಿತ್ತು. ಬಸ್ಸಿನ ಮೇಲೆ ಹಾಕಿಸುವಾಗ ಕಂಡಕ್ಟರ್, "ಎಂತ ಮಾಷ್ಟ್ರೇ, ಕಾಲೇಜು ಕಟ್ಟಿಸ್ತೀರಾ?" ಎಂದು ನಕ್ಕ. ಹಂಚಿನ ಮಾಡಿನ ಅಂಚಿಗೆ ತಗಡಿನ ದೋಣಿ ಕೂರಿಸಿ, ಅದರ ತುದಿಗೆ ಪೈಪು ಇಳಿಸಿದ್ದಾಯಿತು. ಮಳೆಯೂ ಬಂತು. ನೀರು ದೋಣಿಯಲ್ಲಿ ಓಡಿ ಪೈಪಿನೊಳಗೆ ಹೊಕ್ಕು, ಅದರ ಒಂದು ಬದಿಯನ್ನು ಸವರಿಕೊಂಡು ಸದ್ದಿಲ್ಲದೆ ಇಳಿಯಿತು. ಪಕ್ಕದಲ್ಲಿ ಅದೇ ಭೋರ್ಗರೆತ. "ಮಳೆ ನಮ್ಮ ಮನೆಗೆ ಬರಲಿಲ್ವಾ?" ಎಂದಳು ಶಾರದೆ. ಆಕಾಶವೂ ದುಬೈ ದುಡ್ಡು ನೋಡಿಯೇ ಸುರಿಯುತ್ತದೆಯೋ ಎಂದು ನನಗೆ ನಿಜಕ್ಕೂ ಸಂಶಯ ಬಂತು.

ಅಷ್ಟರಲ್ಲಿ ಹಮೀದರೇ ಕೊಡೆ ಹಿಡಿದು ಬಂದರು. "ಮಾಷ್ಟ್ರೇ, ಪೈಪು ಇಷ್ಟು ಸುರಿದರೂ ನನ್ನ ತಾರಸಿಯ ನೀರು ಖಾಲಿಯಾಗುವುದೇ ಇಲ್ಲ, ನಿಂತೇ ಉಂಟು. ಉಮ್ಮನ ಕೋಣೆ ಸೋರ್ತಾ ಉಂಟು, ಮಂಚ ಜಗಲಿಗೆ ತಂದಾಯ್ತು. ನಿಮ್ಮ ಪೈಪು ಎಷ್ಟು ಆರಾಮಾಗಿ ಉಂಟು! ಹೇಗೆ ಲೆಕ್ಕ ಹಾಕಿದ್ದು?" ಹಮೀದರು ನನ್ನ ಪೈಪು ಕಂಡು ಕರುಬುತ್ತಿದ್ದರು! ಮದುವೆಯ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಹಾಕಿಯೇ ಇರದ ಲೆಕ್ಕವನ್ನು ಕಾಗದದ ಮೇಲೆ ಗಂಭೀರವಾಗಿ ಶುರುಮಾಡಿದೆ. ಮಾಡಿನ ಉದ್ದಗಲ ಗುಣಿಸಬೇಕು, ಗಂಟೆಗೆ ಎಷ್ಟು ಮಳೆ ಎಂಬುದರಿಂದ ಮತ್ತೆ ಗುಣಿಸಬೇಕು. ಪೈಪಿನ ಅಗಲ ದುಪ್ಪಟ್ಟಾದರೆ ನೀರಿನ ದಾರಿ ನಾಲ್ಕು ಪಟ್ಟಾಗುತ್ತದೆ ಎಂದೆಲ್ಲ ಪಾಠ ಮಾಡಿದೆ. ಕೊನೆಗೆ ಬಂದ ಉತ್ತರ: ಅವರ ತಾರಸಿಗೆ ಆರಿಂಚು ಬೇಕು, ನಮ್ಮ ಮಾಡಿಗೆ ನಾಲ್ಕಿಂಚೇ ಹೆಚ್ಚು. ತಪ್ಪಿರಬಹುದೆಂಬ ಆಸೆಯಿಂದ ಇನ್ನೊಮ್ಮೆ ಮಾಡಿದೆ. ಲೆಕ್ಕ ಸರಿಯಾಗಿಯೇ ಇತ್ತು.

"ಹಾಗಾದ್ರೆ ಬದಲಾಯಿಸಿಕೊಂಡರಾಯ್ತು ಅಲ್ವಾ? ಪಾಪ, ಉಮ್ಮ ಚಳಿಯಲ್ಲಿದ್ದಾರೆ" ಎಂದಳು ಶಾರದೆ.

ಮೇಸ್ತ್ರಿಯನ್ನು ಕರೆಸಿ ಬದಲಾಯಿಸಿದೆವು. ಉಮ್ಮ ಕೋಣೆಗೆ ಮರಳಿದರು, ನಮ್ಮ ಹಂಡೆ ನಮ್ಮ ಅಂಗಳದಲ್ಲೇ ತುಂಬತೊಡಗಿತು. ಮುಂದಿನ ದೊಡ್ಡ ಮಳೆಗೆ ಹಮೀದರ ಮನೆಯ ನೀರು ರಸ್ತೆಗೆ ಕೇಳುವಂತೆ ಸುರಿಯಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದವರೊಬ್ಬರು ಕಾಲೂರಿ ನಿಂತು ನೋಡಿದರು. ನಾನೂ ಜಗಲಿಯಿಂದ ನೋಡಿದೆ. ಎಂಥ ಪೈಪು! ನಮ್ಮ ಮನೆಗೂ ಅಂಥದೊಂದು ಇರಬೇಕಿತ್ತು ಅನ್ನಿಸಿ ಹೊಟ್ಟೆ ಉರಿಯಿತು.